ಜಲಪಾತಕ್ಕೆ ಪಹಣಿ ಉಂಟೇ?

ಕಳೆದ ವಾರ ಹಳೆಯ ವಿದ್ಯಾರ್ಥಿಯೊಬ್ಬ ತಂದೆಯೊಡನೆ ಮನೆಗೆ ಬಂದಿದ್ದ. ಮಲೆನಾಡಿನಲ್ಲಿ ನಾಲ್ಕು ಎಕರೆ ಖಾಸಗಿ ಕಾಡು ಮಾರಾಟಕ್ಕಿದೆಯಂತೆ, ಒಳಗೊಂದು ಜಲಪಾತವೂ ಇದೆಯಂತೆ. "ಮುಂಗಡ ಕೊಡಬಹುದೇ ಸಾರ್?" ಎಂದ. ತಂದೆಯ ನಿವೃತ್ತಿಯ ಹಣವೆಲ್ಲ ಅದಕ್ಕೇ.

ನೋಡಿ ಬಂದದ್ದು ಆಗಸ್ಟ್‌ನಲ್ಲಿ! ಆಗ ಮಲೆನಾಡಿನ ಗುಡ್ಡಗುಡ್ಡದಲ್ಲೂ ಜಲಪಾತವೇ. ಏಪ್ರಿಲ್‌ನಲ್ಲಿ ಹೋಗಿ, 20 ಲೀಟರಿನ ಬಕೆಟ್ ಹಿಡಿದು ಗಡಿಯಾರ ನೋಡು ಎಂದೆ. 10 ಸೆಕೆಂಡಿನಲ್ಲಿ ತುಂಬಿದರೆ ಸೆಕೆಂಡಿಗೆ 2 ಲೀಟರ್. ಅದು 10 ಮೀಟರ್ ಎತ್ತರದಿಂದ ಬಿದ್ದರೆ 2×9.8×10, ಅಂದರೆ 196 ವ್ಯಾಟ್. ಟರ್ಬೈನಿನಿಂದ ಅರ್ಧ ದಕ್ಕಿದರೂ ಹತ್ತು ಎಲ್‌ಇಡಿ ಬಲ್ಬು ಉರಿದೀತು. (ನಾನೇ ಕಲಿಸಿದ ಪಾಠ, ಪುಣ್ಯಾತ್ಮ ಮರೆತಿದ್ದ.) ಬೇಸಿಗೆಯ ನೀರು ಬರುವುದು ಮೇಲಿನ ಕಾಡಿನ ಮಣ್ಣು ಹಿಡಿದಿಟ್ಟ ಮಳೆಯಿಂದ. ಆ ಗುಡ್ಡ ಇನ್ನೊಬ್ಬರದು. ಅವರು ಮರ ಕಡಿದರೆ?

ಇನ್ನು ಕಾನೂನು. 1964ರ ಕರ್ನಾಟಕ ಭೂಕಂದಾಯ ಕಾಯ್ದೆಯಂತೆ ಹಳ್ಳದ ಪಾತ್ರವೂ ಹರಿಯುವ ನೀರೂ ಸಾಮಾನ್ಯವಾಗಿ ಸರ್ಕಾರದ್ದು. ಒಡೆಯ ಯಾರೇ ಇರಲಿ, ಕಾಡು ಕಾಡೇ ಎಂದು ಸುಪ್ರೀಂ ಕೋರ್ಟ್ 1996ರಲ್ಲಿ ಗೋದಾವರ್ಮನ್ ಪ್ರಕರಣದಲ್ಲಿ ಹೇಳಿತು. ರೆಸಾರ್ಟ್ ಕನಸಿಗೆ ಅಲ್ಲೇ ತೊಡಕು.

ಏಪ್ರಿಲ್‌ವರೆಗೆ ಮುಂಗಡ ಬೇಡವೆಂದು ಒಪ್ಪಿದರು. ಹೊರಡುವಾಗ ತಂದೆ, "ನಿಮ್ಮ ಬಚ್ಚಲಿನ ಬಕೆಟ್ ಎಷ್ಟು ಲೀಟರಿನದು ಮೇಷ್ಟ್ರೇ?" ಎಂದು ಕೇಳಿದರು.