ಗಂಟಲು ನೋವಿಗೆ ಮಕ್ಕಳ ಹೃದಯ ತೆರಬೇಕೆ?



ಶಾಲೆ ತೆರೆಯುವ ದಿನ ಹತ್ತಿರ ಬಂತು. ಇಕ್ಕಟ್ಟಿನ ಕೊಠಡಿಗಳಲ್ಲಿ ಮಕ್ಕಳ ಗಂಟಲು ಮತ್ತೆ ಕೆಡಲಿದೆ. ಹೆಚ್ಚಿನವು ತಾವಾಗಿಯೇ ವಾಸಿಯಾಗುತ್ತವೆ, ನಿಜ. ಆದರೆ ಸ್ಟ್ರೆಪ್ಟೋಕಾಕಸ್ ಹೊಕ್ಕ ಗಂಟಲಿನ ಕತೆ ಬೇರೆ. ಆ ಬ್ಯಾಕ್ಟೀರಿಯಾದ ಮೈಮೇಲಿನ ಎಂ ಪ್ರೋಟೀನ್ ನಮ್ಮ ಹೃದಯದ ಪ್ರೋಟೀನನ್ನೇ ಹೋಲುತ್ತದೆ. ರೋಗಾಣುವನ್ನು ಕೊಲ್ಲಲು ಹೊರಟ ಪ್ರತಿಕಾಯಗಳು, ಟಿ ಕೋಶಗಳು ಎರಡು ಮೂರು ವಾರದ ಬಳಿಕ ಕೆಲವು ಮಕ್ಕಳಲ್ಲಿ ಹೃದಯದ ಕವಾಟದ ಮೇಲೆಯೇ ತಿರುಗಿ ಬೀಳುತ್ತವೆ. ಕೀಲು ಊದುತ್ತದೆ, ಇಳಿಯುತ್ತದೆ, ಜ್ವರ ಬಿಡುತ್ತದೆ, ಕವಾಟದ ಗಾಯ ಉಳಿಯುತ್ತದೆ. ಸೋಂಕು ಮರುಕಳಿಸಿದಷ್ಟೂ ಕವಾಟ ದಪ್ಪವಾಗಿ ಬೆಸೆದುಕೊಳ್ಳುತ್ತದೆ. ಹತ್ತರ ಹರೆಯದ ಹುಡುಗಿಗಾದ ಗಾಯ ಎಷ್ಟೋ ಸಲ ಮೊದಲ ಬಸಿರಿನ ಏದುಸಿರಿನಲ್ಲಿ ಬಯಲಾಗುತ್ತದೆ. ಇದನ್ನು ಹಣೆಬರಹ ಎನ್ನುವವರಿಗೆ ನಾಚಿಕೆಯಾಗಬೇಕು!

ಏಕೆಂದರೆ ತಡೆಯುವ ಮದ್ದು 1950ರ ದಶಕದಿಂದ ಕೈಯಲ್ಲಿದೆ: ಮೂರು ನಾಲ್ಕು ವಾರಕ್ಕೊಮ್ಮೆ ಬೆಂಜಥೀನ್ ಪೆನ್ಸಿಲಿನ್ ಇಂಜೆಕ್ಷನ್. ಉಗಾಂಡಾದಲ್ಲಿ ಈ ಕವಾಟ ರೋಗದ ಮೊದಲ ಕುರುಹು ಕಂಡ 818 ಮಕ್ಕಳನ್ನು ಎರಡು ಗುಂಪು ಮಾಡಿ ಎರಡು ವರ್ಷ ನೋಡಿದರು. ಇಂಜೆಕ್ಷನ್ ಪಡೆದವರಲ್ಲಿ ಶೇ 0.8, ಪಡೆಯದವರಲ್ಲಿ ಶೇ 8.2 ಮಕ್ಕಳ ರೋಗ ಉಲ್ಬಣಿಸಿತು. 2018ರಲ್ಲಿ ವಿಶ್ವ ಆರೋಗ್ಯ ಅಧಿವೇಶನ ಈ ರೋಗದ ಬಗ್ಗೆಯೇ ನಿರ್ಣಯ ಮಾಡಿತು. ಇಷ್ಟಾದರೂ ಮದ್ದು ಎಷ್ಟೋ ಕಡೆ ಸಿಗುವುದಿಲ್ಲ. ಸಿಕ್ಕಲ್ಲಿ ಚುಚ್ಚಲು ಹೆದರುತ್ತಾರೆ. 'ಪೆನ್ಸಿಲಿನ್‌ನಿಂದ ಜೀವ ಹೋಗುತ್ತದೆ' ಎನ್ನುವವರೇ, ಹಲವು ದೇಶಗಳಲ್ಲಿ 32,430 ಇಂಜೆಕ್ಷನ್ ಲೆಕ್ಕ ಹಾಕಿದಾಗ ತೀವ್ರ ಅಲರ್ಜಿಯ ಆಘಾತ ಕಂಡದ್ದು ನಾಲ್ಕು ಸಲ, ಸಾವು ಒಂದು. ಆ ಒಂದು ಸಾವೂ ದೊಡ್ಡದೇ. ಅದಕ್ಕೆಂದೇ ಅಲರ್ಜಿ ವಿಚಾರಿಸಿ, ಅಡ್ರಿನಲಿನ್ ಪಕ್ಕದಲ್ಲಿಟ್ಟುಕೊಂಡು ಚುಚ್ಚಬೇಕು. ಸೂಜಿಗೆ ಅಂಜುವ ನೀವು ಮಗುವಿನ ಎದೆ ಸೀಳಲು ಚೀಟಿ ಬರೆಯುವಾಗ ಮಾತ್ರ ಅಂಜುವುದಿಲ್ಲವೇ?

ಇನ್ನು ಉಚಿತ ಶಸ್ತ್ರಚಿಕಿತ್ಸೆಯ ಫ್ಲೆಕ್ಸ್ ಕಟ್ಟಿಸುವ ಸಂಘಗಳು! ಕವಾಟ ಕೆಟ್ಟ ಮೇಲೆ ಬರುವ ನೀವು ಕೆಡುವ ಮೊದಲು ಎಲ್ಲಿದ್ದಿರಿ? ಲೋಹದ ಕವಾಟ ಹಾಕಿಸಿಕೊಂಡವಳು ಬದುಕಿರುವವರೆಗೂ ರಕ್ತ ಹೆಪ್ಪುಗಟ್ಟದಂತೆ ಮಾತ್ರೆ ನುಂಗಬೇಕು, ಬಸಿರಾದರೆ ಅದೇ ಮಾತ್ರೆ ಕೂಸಿಗೆ ಅಪಾಯ. ಈ ಮಾತು ನಿಮ್ಮ ಫ್ಲೆಕ್ಸ್‌ನಲ್ಲಿ ಇರುವುದಿಲ್ಲ. ಪಾಲಕರೇ, ಪಂಚಾಯಿತಿ ಸದಸ್ಯರೇ, ಶಾಲೆ ತೆರೆಯುವ ಮುನ್ನ ಒಟ್ಟಾಗಿ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ನಡೆಯಿರಿ. ಪೆನ್ಸಿಲಿನ್ ಇದೆಯೇ, ಹಾಕುವವರು ಯಾರು ಎಂದು ಕೇಳಿ, ಉತ್ತರ ಬರೆಸಿಕೊಂಡೇ ಹಿಂದಿರುಗಿ.