ಸೈಲೆನ್ಸರ್ ರೋಲರ್ ಕೆಳಗೆ, ಗ್ಯಾರೇಜಿನ ಶಟರ್ ಮಾತ್ರ ಮೇಲೆ

ಜಪ್ತಿ ಮಾಡಿದ ಸೈಲೆನ್ಸರ್‌ಗಳನ್ನು ಸಾಲಾಗಿ ಇಟ್ಟು ರೋಡ್ ರೋಲರ್ ಹತ್ತಿಸುವ ವಿಡಿಯೊ ನಿಮ್ಮ ಮೊಬೈಲಿಗೂ ಬಂದಿರಬೇಕು. ನೋಡಲು ಖುಷಿಯೇ. ಬುಲೆಟ್ ಸದ್ದಿಗೆ ತೊಟ್ಟಿಲ ಕೂಸು ಬೆಚ್ಚಿ ಎದ್ದ ಮನೆಯವರು, ಎದುರಿನ ಕಾರಿನ ಎಲ್‌ಇಡಿಗೆ ಕಣ್ಣು ಕತ್ತಲಾದವರು ಪೊಲೀಸರಿಗೆ ಕೈಮುಗಿದರೆ ತಪ್ಪಲ್ಲ. ಕಂಪನಿ ಕೊಟ್ಟ ಗಾಡಿಯ ಮೂಲ ಸ್ವರೂಪ ಬದಲಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲೇ ಹೇಳಿದೆ. ನಾನು ಹುಡುಗರ ವಕಾಲತ್ತಿಗೆ ಬಂದಿಲ್ಲ.

ನನ್ನ ಸಿಟ್ಟು ಬೇರೆ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯ ಹುಡುಗರು ಆ ಸೈಲೆನ್ಸರ್ ಹೊಲದಲ್ಲಿ ಬೆಳೆದರೇನು? ದುಡ್ಡು ಎಣಿಸಿಕೊಂಡು ಕೂಡಿಸಿಕೊಟ್ಟವನೊಬ್ಬ ಇದ್ದಾನಲ್ಲ! ಮೋಟಾರು ವಾಹನ ಕಾಯ್ದೆಯ 182ಎ ಕಲಂ ನೋಡಿ. ಗಾಡಿ ಬದಲಿಸಿದ ಮಾಲೀಕನಿಗೆ ಒಂದೊಂದು ಬದಲಾವಣೆಗೆ 5,000 ರೂಪಾಯಿ ದಂಡ ಅಥವಾ 6 ತಿಂಗಳವರೆಗೆ ಜೈಲು, ಇಲ್ಲವೇ ಎರಡೂ. ಬದಲಿಸಿಕೊಟ್ಟ ಡೀಲರ್‌ಗೆ ಒಂದೊಂದು ಗಾಡಿಗೆ 1 ಲಕ್ಷ, ಜೈಲು 1 ವರ್ಷದವರೆಗೆ. ಡೀಲರ್ ಎಂದರೆ ಶೋರೂಮ್ ಸಾಹುಕಾರ ಒಬ್ಬನೇ ಅಲ್ಲ. ಗಾಡಿ ರಿಪೇರಿ ಮಾಡುವವನೂ ಡೀಲರೇ ಎಂದು ಅದೇ ಕಾಯ್ದೆಯ 2ನೇ ಕಲಂ ಹೇಳುತ್ತದೆ. ಆ ಲಕ್ಷದ ದಂಡದ ವಿಡಿಯೊ ಯಾರಾದರೂ ನೋಡಿದ್ದೀರಾ? ನಾನಂತೂ ಇಲ್ಲ.

ಕಬ್ಬಿನ ಹಂಗಾಮು ಬಂತೆಂದರೆ ಅದೇ ರಸ್ತೆಯಲ್ಲಿ ಟ್ರ್ಯಾಕ್ಟರ್ ಎರಡು ಟ್ರೇಲರ್ ಎಳೆದುಕೊಂಡು, ಹಿಂದೆ ರಿಫ್ಲೆಕ್ಟರ್ ಇಲ್ಲದೆ, ಡಿಜೆ ಹಚ್ಚಿಕೊಂಡು ಹೋಗುತ್ತದೆ. ಕತ್ತಲಲ್ಲಿ ಅದಕ್ಕೆ ಬೈಕ್ ಗುದ್ದಿದ ಸುದ್ದಿ ಬರೆದು ಬರೆದು ಕೈ ಸೋತಿದೆ.

ಹುಡುಗರೇ, ದಂಡ ಕಟ್ಟಿ. ಕಟ್ಟುವಾಗ ಕೂಡಿಸಿಕೊಟ್ಟವನ ಹೆಸರನ್ನೂ ಠಾಣೆಯಲ್ಲಿ ಬರೆದುಕೊಡಿ. ಬಿಲ್ ಕೊಟ್ಟಿಲ್ಲ ಅಂತೀರಾ? ಫೋನ್‌ಪೇದಲ್ಲಿ ಹಾಕಿದ್ದರೆ ದುಡ್ಡು ಹೋದ ಗುರುತು ಇದ್ದೇ ಇರುತ್ತದೆ.