ಬ್ಲೈಂಡ್ ಶೂರನೂ ಗಲ್ಲಾ ಪೆಟ್ಟಿಗೆಯೂ

ಯುಗಾದಿಯ ಹೊಸತೊಡಕು ಬರಲಿ, ದೀಪಾವಳಿ ಬರಲಿ, ಅಂಗಡಿ ಬಾಗಿಲು ಹಾಕಿದ ಮೇಲೆ ಹಿಂದಿನ ಕೋಣೆಯಲ್ಲಿ ಚಾಪೆ ಹಾಸಿ ಇಸ್ಪೀಟು ಕಲೆಸುವುದು ಪೇಟೆಯ ಬೀದಿಗೆ ಹೊಸದಲ್ಲ. ‘ಹಬ್ಬದ ಆಟ ತಾನೇ, ಏನಾಗುತ್ತೆ ಬಿಡಿ’ ಅನ್ನುತ್ತಾರೆ. ಏನಾಗುತ್ತೆ ಅನ್ನುವುದು ಮಾರನೆಯ ಬೆಳಿಗ್ಗೆ ಹೋಲ್‌ಸೇಲಿನವನು ಬಾಕಿ ಕೇಳಲು ಬಂದಾಗ ಗೊತ್ತಾಗುತ್ತದೆ.

ಮೂರೆಲೆ ಆಡುವ ಪ್ರತಿ ಚಾಪೆಯ ಮೇಲೂ ಒಬ್ಬ ಶೂರ ಇದ್ದೇ ಇರುತ್ತಾನೆ. ಎಲೆ ಎತ್ತಿ ನೋಡುವ ಗೋಜಿಗೇ ಹೋಗುವುದಿಲ್ಲ. ‘ಬ್ಲೈಂಡ್!’ ಎಂದು ಕೂಗಿ ನೋಟು ಎಸೆಯುತ್ತಾನೆ. ಎದುರಿನವನು ಯೋಚಿಸುತ್ತಾ ಕೂತರೆ, ‘ಏನ್ ಸಾವ್ಕಾರ್ರೇ, ಕೈ ನಡುಗ್ತಾ ಇದೆಯಲ್ಲ?’ ಎಂದು ನಾಲ್ಕು ಜನರ ಮುಂದೆ ಛೇಡಿಸುತ್ತಾನೆ. ಸಾಹುಕಾರರು ಮಾನಕ್ಕೆ ಅಂಜಿ ಇನ್ನೊಂದು ನೋಟು ಹಾಕುತ್ತಾರೆ. ಅಲ್ಲಿಗೆ ಅವರ ಕಥೆ ಮುಗಿಯಿತು.

ಈ ಶೂರನ ಗುಟ್ಟೇನು? ಧೈರ್ಯ ಅಲ್ಲ ಸ್ವಾಮಿ, ಆಟದ ನಿಯಮ. ಎಲೆ ನೋಡಿದವನು, ನೋಡದವನು ಹಾಕಿದ್ದಕ್ಕಿಂತ ಕನಿಷ್ಠ ಎರಡರಷ್ಟು ಹಾಕಬೇಕು. ಬ್ಲೈಂಡ್ ಆಡುವವನು 10, 20, 40, 80 ಎಂದು ಏರಿಸುತ್ತಾ ಹೋದರೆ ನಾಲ್ಕು ಸುತ್ತಿಗೆ ಅವನ ಕೈಯಿಂದ ಬಿದ್ದದ್ದು 150 ರೂಪಾಯಿ. ಎಲೆ ನೋಡಿ ಎದುರು ನಿಂತವನು 20, 40, 80, 160 ಎಂದು 300 ಸುರಿದಿರುತ್ತಾನೆ.

ಆದರೆ ಶೂರನಿಗೂ ಎಲೆ ಬರುವುದು ಅದೇ 52ರ ಕಟ್ಟಿನಿಂದ. ಮೂರು ಎಲೆಗಳು ಒಟ್ಟು 22,100 ಬಗೆಯಲ್ಲಿ ಬೀಳಬಹುದು. ಅದರಲ್ಲಿ 16,440 ಬಗೆಗಳಲ್ಲಿ ಜೋಡಿಯೂ ಇಲ್ಲ, ಸೀಕ್ವೆನ್ಸೂ ಇಲ್ಲ, ಕಲರೂ ಇಲ್ಲ. ಅಂದರೆ ಅವನು ನಾಲ್ಕು ಸಲ ಕೂಗಾಡಿದರೆ ಹತ್ತಿರ ಹತ್ತಿರ ಮೂರು ಸಲ ಅವನ ಕೈ ಖಾಲಿ. ಆದ್ದರಿಂದ ಇಂಥವನ ಎದುರು ಅವನಿಗಿಂತ ಜೋರಾಗಿ ಕೂಗಿ ಪ್ರಯೋಜನವಿಲ್ಲ. ಕೆಟ್ಟ ಎಲೆ ಬಂದರೆ ಮಾತಾಡದೆ ಕೆಳಗಿಡಬೇಕು. ಜೋಡಿಯೋ ಅದಕ್ಕೂ ಮೇಲಿನದೋ ಬಂದಾಗ, ಏರಿಸುವ ಕೆಲಸ ಅವನಿಗೇ ಬಿಟ್ಟು, ಎಲೆ ತೆರೆಯುವವರೆಗೆ ಸುಮ್ಮನೆ ಜೊತೆಗೆ ನಿಲ್ಲಬೇಕು. ಪೋಕರ್ ಬಲ್ಲವರು ಹೇಳುವುದೂ ಇದನ್ನೇ.

ಹಾಗಾದರೆ ತಾಳ್ಮೆಯ ಸಾಹುಕಾರರು ಗೆಲ್ಲಬೇಕಲ್ಲ? ಪೇಚು ಇರುವುದು ಇಲ್ಲೇ. ಇದು 300 ಇಟ್ಟು 150 ಗೆಲ್ಲುವ ವ್ಯಾಪಾರ. ಜೋಡಿ ಹಿಡಿದು ನಾಲ್ಕು ಸಲ ನಿಂತರೆ ಸುಮಾರು ಮೂರು ಸಲ ಗೆದ್ದು 450 ಬಂತು, ಒಂದು ಸಲ ಸೋತು 300 ಹೋಯಿತು, ಉಳಿದದ್ದು 150. ಕಾಗದದ ಮೇಲೆ ಲೆಕ್ಕ ಸರಿ. ಆದರೆ ಆ ಸೋಲು ಮೊದಲನೇ ಸಲವೇ ಬಂದುಬಿಟ್ಟರೆ? ಜೇಬಿನಲ್ಲಿ 400 ಇಟ್ಟುಕೊಂಡು ಕೂತವನಿಗೆ ಮುಂದಿನ ಆಟವೇ ಇಲ್ಲ. ಆಗ ಕೈ ಹೋಗುವುದು ಗಲ್ಲಾ ಪೆಟ್ಟಿಗೆಗೆ. ಅದರಲ್ಲಿರುವುದು ಸರಕಿನ ದುಡ್ಡು, ಮಕ್ಕಳ ಫೀಸಿನ ದುಡ್ಡು. ಶೂರ ಕಾಯುವುದು ಒಳ್ಳೆ ಎಲೆಗಲ್ಲ, ಆ ಗಳಿಗೆಗೆ. ಚಾಪೆಯ ಮೇಲೆ ಕೊನೆಗೆ ಗೆಲ್ಲುವುದು ಉದ್ದ ಜೇಬು.

ಸುಪ್ರೀಂ ಕೋರ್ಟು 1968ರಲ್ಲೇ ರಮ್ಮಿಯಲ್ಲಿ ಕೌಶಲ್ಯವಿದೆ, ಮೂರೆಲೆ ಬರೀ ಅದೃಷ್ಟದಾಟ ಎಂದು ಬೇರೆ ಬೇರೆ ಮಾಡಿ ಹೇಳಿತು. ಎದುರಿನವನ ಮುಖ ಓದುವ ಜಾಣತನ ಒಂದಿಷ್ಟು ಇದ್ದರೂ ಪೊಲೀಸರು ಬಾಗಿಲು ತಟ್ಟಿದಾಗ ಅದು ಕೆಲಸಕ್ಕೆ ಬಾರದು. 1963ರ ಕರ್ನಾಟಕ ಪೊಲೀಸ್ ಕಾಯ್ದೆಯಲ್ಲಿ ಅಡ್ಡೆ ನಡೆಸುವವನಿಗೆ 79ನೇ ಕಲಂ, ಅಲ್ಲಿ ಸಿಕ್ಕಿಬಿದ್ದವನಿಗೆ 80ನೇ ಕಲಂ ಕಾದಿದೆ. ಬಸ್ಸಿನಲ್ಲಿ ಕೂತು ಮೊಬೈಲಿನಲ್ಲಿ ಆಡಿದರಾಯಿತು ಅನ್ನುವವರಿಗೂ ದಾರಿಯಿಲ್ಲ. ದುಡ್ಡು ಕಟ್ಟಿ ಆಡುವ ಆನ್‌ಲೈನ್ ಆಟಗಳ ನಿಷೇಧಕ್ಕೆ 2025ರ ಆಗಸ್ಟ್‌ನಲ್ಲಿ ಸಂಸತ್ತೇ ಕಾಯ್ದೆ ಮಾಡಿದೆ.

ಜೂಜಿಗೆ ಕರೆದರೆ ಇಲ್ಲವೆನ್ನಬಾರದು ಎಂಬ ವ್ರತ ಹಿಡಿದು ಧರ್ಮರಾಯ ರಾಜ್ಯ ಕಳೆದ. ಅಂಗಡಿ ಇಟ್ಟವರಿಗೆ ಅಂಥ ವ್ರತವೇನೂ ಇಲ್ಲ. ಹಬ್ಬದ ನೆಪಕ್ಕೆ ಕೂರಲೇಬೇಕಾಗಿ ಬಂದರೂ ಹೋದರೆ ಹೋಗಲಿ ಅನ್ನುವಷ್ಟೇ ಚಿಲ್ಲರೆ ಜೇಬಿನಲ್ಲಿರಲಿ, ಗಲ್ಲಾದ ಬೀಗದ ಕೈ ಮನೆಯಾಕೆಯ ಹತ್ತಿರ ಇರಲಿ. ಶೂರ ಛೇಡಿಸಲು ಶುರು ಮಾಡಿದ ಕೂಡಲೇ ಎಲೆ ಕೆಳಗಿಟ್ಟು, ‘ಬೆಳಿಗ್ಗೆ ಅಂಗಡಿ ತೆಗೀಬೇಕು, ಬರ್ತೀನಿ’ ಎಂದು ಎದ್ದರೆ ಯಾರ ಮಾನವೂ ಹೋಗುವುದಿಲ್ಲ. ಎದುರು ಯಾರೂ ಇಲ್ಲದೆ ಬ್ಲೈಂಡ್ ಕೂಗಿದರೆ ಅವನಿಗೆ ಸಿಗುವುದಾದರೂ ಏನು?